ಕಾದು ಬೆಳೆಸಿದ ಕಾಡು

ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ಆಂಧ್ರದ ಪೆನುಕೊಂಡದ ಆಚೆಯ ಗುಡ್ಡಗಳಲ್ಲಿ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಯಾರೋ ಎಸೆದ ಬೀಡಿಯ ತುಂಡು ಸಾಕು, ಬೆಂಕಿ ಗಾಳಿಯ ದಿಕ್ಕು ಹಿಡಿದು ಇಳಿಜಾರಿನುದ್ದಕ್ಕೂ ಓಡುತ್ತದೆ. ನೆತ್ತಿಯಲ್ಲಿ ಹೊಗೆ ಕಂಡ ಕೂಡಲೇ ಕೆಳಗಿನ ಊರುಗಳಲ್ಲಿ ಒಬ್ಬರಿಂದೊಬ್ಬರಿಗೆ ಫೋನು ಹೋಗುತ್ತದೆ. ಕಾವಲುಗಾರರು, ಕುರಿಗಾಹಿಗಳು, ಹೊಲದಲ್ಲಿದ್ದವರು ಕೈಗೆ ಸಿಕ್ಕ ಹಸಿ ಕೊಂಬೆ ಮುರಿದುಕೊಂಡು ಗುಡ್ಡ ಹತ್ತುತ್ತಾರೆ. ಅಷ್ಟೆತ್ತರಕ್ಕೆ ನೀರು ಹೊರುವಂತಿಲ್ಲ. ಸೊಪ್ಪಿನಿಂದ ಬಡಿದು ಬಡಿದೇ ಬೆಂಕಿ ಕೆಡಿಸಬೇಕು. ಗಾಳಿ ಮಗ್ಗುಲು ಬದಲಿಸಿದರೆ ಮತ್ತೆ ಮೊದಲಿನಿಂದ.

ಇಷ್ಟೆಲ್ಲ ಪಾಡುಪಡುವುದು ಅರಣ್ಯ ಇಲಾಖೆಯ ಕಾಡಿಗಾಗಿ ಅಲ್ಲ. ಕಂದಾಯ ದಾಖಲೆಗಳ ಪ್ರಕಾರ ಅಲ್ಲಿ ಕಾಡೇ ಇಲ್ಲ, ಇರುವುದು ಸರ್ಕಾರಿ ಬಂಜರು. ಊರವರು ಅದನ್ನು ಕಲ್ಪವಲ್ಲಿ ಎನ್ನುತ್ತಾರೆ. ಏಳೆಂಟು ಸಾವಿರ ಎಕರೆಗೂ ಮಿಕ್ಕಿದ ಈ ಹುಲ್ಲು, ಕುರುಚಲು, ಮರಗಳ ಸೀಮೆ ಮೂರು ದಶಕಗಳ ಹಿಂದೆ ಬರೀ ಕಲ್ಲುಬಂಡೆಗಳ ಗುಡ್ಡಸಾಲಾಗಿತ್ತು. ಅದು ಹೇಗೆ ಮರಳಿ ಹಸಿರಾಯಿತು ಎಂದು ಕೇಳಿದರೆ ಟಿಂಬಕ್ಟು ಕಲೆಕ್ಟಿವ್ ಎಂಬ ಸ್ವಯಂಸೇವಾ ಸಂಸ್ಥೆಯ ಕಥೆ ಹೇಳಬೇಕಾಗುತ್ತದೆ.

ಮೂವತ್ತೆರಡು ಎಕರೆ ಬರಡು

ಬೆಂಗಳೂರಿನಿಂದ ಹೈದರಾಬಾದ್ ಹೆದ್ದಾರಿ ಹಿಡಿದು ಬಾಗೇಪಲ್ಲಿ, ಪೆನುಕೊಂಡ ದಾಟಿದರೆ ಚೆನ್ನೇಕೊತ್ತಪಲ್ಲಿ ಸಿಗುತ್ತದೆ. ಹಿಂದೆ ಅನಂತಪುರ ಜಿಲ್ಲೆಯಲ್ಲಿದ್ದ ಊರು. 2022ರಲ್ಲಿ ಜಿಲ್ಲೆ ಒಡೆದ ಮೇಲೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಮತ್ತು ಚಿತ್ರಾವತಿ ಎರಡೂ ಹರಿದು ಬರುವುದು ಈ ಕಡೆಗೇ. ಆದರೂ ನೀರಿಗೆ ಬರ. ನೈಋತ್ಯ ಮುಂಗಾರು ಪಶ್ಚಿಮ ಘಟ್ಟದಲ್ಲೇ ಬಹುಪಾಲು ಸುರಿದು ಬರುತ್ತದೆ, ಈಶಾನ್ಯ ಮಾರುತ ಕರಾವಳಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ಬಳಲಿರುತ್ತದೆ. ವರ್ಷದ ಸರಾಸರಿ ಮಳೆ 550 ಮಿಲಿಮೀಟರಿನ ಆಸುಪಾಸು. ದೇಶದಲ್ಲಿ ಜೈಸಲ್ಮೇರ್ ಬಿಟ್ಟರೆ ಅತಿ ಕಡಿಮೆ ಮಳೆಯ ಜಿಲ್ಲೆ ಎಂದೇ ಅನಂತಪುರಕ್ಕೆ ಹೆಸರು.

ಬಬ್ಲು ಎಂದೇ ಪರಿಚಿತರಾದ ಸಿ.ಕೆ. ಗಂಗೂಲಿ ಮತ್ತು ಮೇರಿ ವಟ್ಟಮಟ್ಟಂ ಈ ಸೀಮೆಯಲ್ಲಿ ಕೃಷಿ ಕೂಲಿಕಾರರ ಸಂಘಟನೆ ಮಾಡಿಕೊಂಡಿದ್ದವರು. ಕೂಲಿ ದರಕ್ಕಾಗಿ, ತುಂಡು ಭೂಮಿಗಾಗಿ ನಡೆದ ಹೋರಾಟಗಳನ್ನು ಹತ್ತಿರದಿಂದ ಕಂಡವರು. ಸರ್ಕಾರದಿಂದ ಬಡವನ ಕೈಗೆ ಬರುತ್ತಿದ್ದ ಭೂಮಿ ಸಾಮಾನ್ಯವಾಗಿ ಯಾರಿಗೂ ಬೇಡದ ಕಲ್ಲುನೆಲ. ಆ ನೆಲದಲ್ಲೇ ಏನೂ ಬೆಳೆಯದಿದ್ದರೆ ಪಟ್ಟಾ ಸಿಕ್ಕಿ ಏನು ಬಂತು? ಜಪಾನಿನ ರೈತ ಮಸನೊಬು ಫುಕುವೋಕಾ ಬರೆದ, ಕನ್ನಡದಲ್ಲಿ ‘ಒಂದು ಹುಲ್ಲಿನ ಕ್ರಾಂತಿ’ಯಾಗಿ ನಮಗೆಲ್ಲ ಪರಿಚಿತವಾದ ಪುಸ್ತಕ ಅವರ ಯೋಚನೆಗೆ ಹೊಸ ದಾರಿ ತೋರಿಸಿತು. ಜಾನ್ ಡಿಸೋಜ ಮೊದಲಾದ ಗೆಳೆಯರೊಂದಿಗೆ ಸೇರಿ ಚೆನ್ನೇಕೊತ್ತಪಲ್ಲಿಯ ಹತ್ತಿರ ಮೂವತ್ತೆರಡು ಎಕರೆ ಬರಡು ಭೂಮಿ ಕೊಂಡರು. 1990ರಲ್ಲಿ ಸಂಸ್ಥೆ ಹುಟ್ಟಿತು.

ಆ ಜಾಗದಲ್ಲಿ ಅವರು ಮನೆ ಕಟ್ಟಿಕೊಂಡರು, ಮಕ್ಕಳಿಗೆ ಶಾಲೆ ಮಾಡಿದರು, ಮಳೆನೀರಿಗೆ ಅಲ್ಲಲ್ಲಿ ಒಡ್ಡು ಹಾಕಿದರು. ಕೆಲವೇ ವರ್ಷಗಳಲ್ಲಿ ಆ ತುಂಡು ನೆಲದ ಬಣ್ಣ ಬದಲಾದದ್ದು ಸುತ್ತಲಿನ ಹಳ್ಳಿಗಳ ಕಣ್ಣಿಗೆ ಬಿತ್ತು. ನಮ್ಮೂರ ಗುಡ್ಡವೂ ಹೀಗಾದೀತೇ ಎಂಬ ಪ್ರಶ್ನೆ ಮುಷ್ಟಿಕೋವೆಲದಂಥ ಊರುಗಳಿಂದ ಎದ್ದಿತು. ಕಲ್ಪವಲ್ಲಿ ಶುರುವಾದದ್ದು ಹಾಗೆ, 1990ರ ದಶಕದ ಆರಂಭದಲ್ಲಿ.

ಸತ್ತಿರದ ಬೇರುಗಳು

ಗಿಡ ನೆಡುವುದೇ ಕಾಡು ಬೆಳೆಸುವ ದಾರಿ ಎಂದು ನಾವೆಲ್ಲ ನಂಬಿದ್ದೇವೆ. ಪರಿಸರ ದಿನ ಬಂತೆಂದರೆ ಗುಂಡಿ, ಸಸಿ, ನೀರು, ಫೋಟೊ. ಮುಂದಿನ ಬೇಸಿಗೆಗೆ ಆ ಗುಂಡಿಗಳಲ್ಲಿ ಎಷ್ಟರಲ್ಲಿ ಜೀವ ಉಳಿದಿರುತ್ತದೆ ಎಂದು ನೋಡಿದವರಿಗೆ ಗೊತ್ತು. ಕಲ್ಪವಲ್ಲಿಯಲ್ಲೂ ಸಸಿ ನೆಟ್ಟದ್ದುಂಟು, ಬೀಜ ಚೆಲ್ಲಿದ್ದುಂಟು. ಆದರೆ ಇಷ್ಟು ವಿಸ್ತಾರದ ಗುಡ್ಡಗಳನ್ನು ಮರಳಿ ತಂದದ್ದು ಮುಖ್ಯವಾಗಿ ಮೂರು ಕೆಲಸ: ಮರ ಕಡಿಯದಂತೆ ನೋಡಿಕೊಂಡದ್ದು, ಬೆಂಕಿ ತಡೆದದ್ದು, ಹರಿಯುವ ಮಳೆನೀರಿನ ಓಟ ನಿಧಾನ ಮಾಡಿದ್ದು.

ಬೋಳು ಗುಡ್ಡದ ಮೇಲೆ ಜೋರು ಮಳೆ ಬಿದ್ದಾಗ ಆಗುವುದನ್ನು ಗಮನಿಸಿ. ಹನಿ ನೇರವಾಗಿ ಮಣ್ಣಿಗೆ ಬಡಿಯುತ್ತದೆ. ಸಡಿಲವಾದ ಮಣ್ಣಿನ ನವುರು ಕಣಗಳು ನೆಲದ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ನೀರು ಇಂಗಲು ದಾರಿಯಿಲ್ಲದೆ ಮೇಲ್ಮಣ್ಣನ್ನೂ ಎಳೆದುಕೊಂಡು ಕೆಳಗೆ ಓಡುತ್ತದೆ, ಹೂಳು ಹೋಗಿ ಕೆರೆ ಸೇರುತ್ತದೆ. ಮಳೆ ನಿಂತ ಎರಡೇ ದಿನಕ್ಕೆ ಗುಡ್ಡ ಒಣ ಒಣ. ಅಲ್ಲಿ ಸಸಿ ನೆಟ್ಟರೆ ಬದುಕುವುದಾದರೂ ಹೇಗೆ?

ಅದೇ ಇಳಿಜಾರಿಗೆ ಅಡ್ಡಲಾಗಿ, ಮಟ್ಟಕ್ಕೆ ಸರಿಯಾಗಿ ಉದ್ದನೆಯ ಕಂದಕ ತೋಡಿದರೆ ನೀರು ಅಲ್ಲಲ್ಲೇ ನಿಲ್ಲುತ್ತದೆ. ಕೊರಕಲುಗಳಲ್ಲಿ ಅಲ್ಲೇ ಸಿಗುವ ಕಲ್ಲು ಪೇರಿಸಿ ತಡೆ ಕಟ್ಟಿದರೆ ಅದರ ಹಿಂದೆ ಮಣ್ಣು ಕೂರುತ್ತದೆ. ಆ ಮಣ್ಣಿನಲ್ಲಿ ಮೊದಲು ಬರುವುದು ಹುಲ್ಲು. ಹುಲ್ಲಿನ ಬುಡ ಹನಿಯ ಹೊಡೆತ ತಾಳುತ್ತದೆ, ಬೇರು ಮಣ್ಣನ್ನು ಹಿಡಿಯುತ್ತದೆ, ಒಣಗಿ ಬಿದ್ದ ಎಲೆ ಗೊಬ್ಬರವಾಗುತ್ತದೆ. ಇಷ್ಟಾದ ಮೇಲೆ ನೆಲದೊಳಗೆ ಅಡಗಿದ್ದ ಹಳೆಯ ಬುಡಗಳು ಚಿಗುರುತ್ತವೆ. ವರ್ಷವರ್ಷ ಕೊಡಲಿಗೂ ಮೇಕೆಯ ಬಾಯಿಗೂ ಸಿಕ್ಕಿ ಮೊಳಕಾಲೆತ್ತರಕ್ಕೂ ಏರದೆ ಉಳಿದ ಗಿಡಗಳವು. ಮೇಲೆ ಕಾಣದಿದ್ದರೂ ಬೇರು ಜೀವಂತ. ಎರಡು ಮೂರು ವರ್ಷ ಬಿಡುವು ಕೊಟ್ಟರೆ ಆಳಕ್ಕೆ ಇಳಿದ ಆ ಬೇರಿನ ಬಲದಿಂದಲೇ ಸರಸರನೆ ಏಳುತ್ತವೆ. ನರ್ಸರಿಯ ಸಸಿಗೆ ಆ ಬಲ ಎಲ್ಲಿಂದ ಬರಬೇಕು? ಗಿಡ ಎದ್ದರೆ ಹಕ್ಕಿ ಬಂದು ಕೂರುತ್ತದೆ, ಹಿಕ್ಕೆಯಲ್ಲಿ ಇನ್ನಷ್ಟು ಜಾತಿಯ ಬೀಜ ತರುತ್ತದೆ.

ಹಳ್ಳದ ಬದಿಯ ತೇವದಲ್ಲಿ ಈಚಲು ತಾನಾಗಿಯೇ ದಟ್ಟವಾಗಿ ಬಂದಿದೆ. ತೋಳ, ಕರಡಿ, ಚಿರತೆಗಳಿಗೆ ನೆಲೆ ಸಿಕ್ಕಿದೆ. ತೋಳ ಇರುವುದು ವಿಶೇಷವಾಗಿ ಹೇಳಬೇಕಾದ ಮಾತು. ಅದು ದಟ್ಟ ಕಾಡಿನ ಪ್ರಾಣಿಯಲ್ಲ, ತೆರೆದ ಹುಲ್ಲುಗಾವಲಿನದು. ಹುಲ್ಲುಗಾವಲನ್ನು ಪಾಳು ಎಂದುಕೊಂಡು ನೀಲಗಿರಿ, ಅಕೇಶಿಯಾ ತುಂಬಿದರೆ ತೋಳಕ್ಕೂ ಜಾಗವಿಲ್ಲ, ಕುರಿಗೂ ಮೇವಿಲ್ಲ. ಕಲ್ಪವಲ್ಲಿಯವರು ಗುಡ್ಡವನ್ನೆಲ್ಲ ಮರದಿಂದ ಮುಚ್ಚಲು ಹೋಗದೆ ಹುಲ್ಲಿಗೆ ಹುಲ್ಲಿನ ಜಾಗ ಉಳಿಸಿದ್ದು ದೊಡ್ಡ ವಿವೇಕ ಎಂದೇ ನನಗನಿಸುತ್ತದೆ.

ಕಾಯುವವರಿಗೆ ಸಿಗುವುದೇನು

ನೆಲದ ವಿಜ್ಞಾನ ಇಷ್ಟು ಸರಳವಾದರೆ ಎಲ್ಲ ಊರುಗಳಲ್ಲೂ ಇದೇಕೆ ಆಗಿಲ್ಲ? ಕಷ್ಟ ಇರುವುದು ಕಾವಲಿನಲ್ಲಿ. ಒಲೆಗೆ ಪುಳ್ಳೆ ಬೇಕಾದವಳಿಗೆ, ನೂರು ಕುರಿ ಹೊಡೆದುಕೊಂಡು ಬಂದವನಿಗೆ ‘ಮೂರು ವರ್ಷ ತಡಿ’ ಎನ್ನುವುದು ಹೇಗೆ? ಬೇಲಿ ಹಾಕಿ ಹೇಳಿದರೆ ಬೇಲಿ ಮುರಿಯುತ್ತದೆ.

ಇಲ್ಲಿ ಎಂಟು ಹತ್ತು ಹಳ್ಳಿಗಳ ಜನ ಕೂಡಿ ತಮ್ಮದೇ ಸಂಘ ಕಟ್ಟಿಕೊಂಡರು. ಆಮೇಲೆ ಅದು ಕಲ್ಪವಲ್ಲಿ ವೃಕ್ಷ ಬೆಳೆಗಾರರ ಸಹಕಾರ ಸಂಘವೆಂದು ನೋಂದಣಿಯಾಯಿತು. ಕಾವಲುಗಾರರು ಆಯಾ ಊರಿನವರೇ. ಯಾರ ಮಂದೆ ಎಲ್ಲಿ ಮೇಯುತ್ತದೆ, ಯಾರ ಕೊಡಲಿ ಎಲ್ಲಿ ಸದ್ದು ಮಾಡುತ್ತದೆ ಎಂಬುದು ಅವರಿಗೆ ಗೊತ್ತು. ಹಸಿ ಮರ ಕಡಿಯುವಂತಿಲ್ಲ. ಒಣಗಿದ ಪುಳ್ಳೆ, ಸೂರಿಗೆ ಹೊದಿಸುವ ಹುಲ್ಲು, ದನಕರುಗಳ ಮೇವು ಊರವರ ಹಕ್ಕು. ಈಚಲ ಗರಿಯಿಂದ ಪೊರಕೆ, ಬುಟ್ಟಿ ಮಾಡುವವರಿಗೆ ಅದೊಂದು ಕಸುಬೇ ಆಗಿದೆ. ಗುಡ್ಡದಲ್ಲಿ ಇಂಗಿದ ನೀರು ಕೆಳಗಿನ ಕೆರೆ ಬಾವಿಗಳಲ್ಲಿ ಉಳಿಯತೊಡಗಿದಾಗ ಹೊಲವಿದ್ದವರಿಗೂ ಕಾವಲಿನ ಬೆಲೆ ತಿಳಿಯಿತು.

ಬರದ ವರ್ಷ ಸುತ್ತಮುತ್ತಲ ಕುರಿಗಾಹಿಗಳೂ ಮೇವಿಗೆ ಇಲ್ಲಿಗೇ ಬರುತ್ತಾರೆ. ಅವರನ್ನು ಹೊರಗಿಡುವುದೋ, ಒಳಗೆ ಬಿಡುವುದೋ? ಇಂಥ ಜಗಳಗಳಿಗೆ ಒಮ್ಮೆಗೇ ಮುಗಿಯುವ ಉತ್ತರ ಇಲ್ಲ. ಪ್ರತಿ ಸಲವೂ ಕೂತು ಮಾತಾಡಿಯೇ ಬಗೆಹರಿಸಬೇಕು. ಕಾಡು ಉಳಿಸುವ ಕೆಲಸದ ದೊಡ್ಡ ಭಾಗ ಈ ಕೂತು ಮಾತಾಡುವುದೇ.

ತಿಂಗಳ ಉಳಿತಾಯ

ಮನೆಯಲ್ಲಿ ಜ್ವರದ ಮಗು, ಕೈಯಲ್ಲಿ ಕಾಸಿಲ್ಲ, ಗುಡ್ಡದಲ್ಲಿ ಕಡಿದರೆ ಸೌದೆ ಮಾರಿ ಇನ್ನೂರು ರೂಪಾಯಿ ಆಗುತ್ತದೆ ಎಂಬಂಥ ಹೊತ್ತಿನಲ್ಲಿ ಯಾವ ನಿಯಮವೂ ನಿಲ್ಲುವುದಿಲ್ಲ. ಟಿಂಬಕ್ಟುವಿನವರಿಗೆ ಇದು ಬಹಳ ಬೇಗ ಅರ್ಥವಾಗಿತ್ತು. ಕಾಡಿನ ಕೆಲಸದ ಜೊತೆಜೊತೆಗೇ 1990ರ ದಶಕದಲ್ಲಿ ಮಹಿಳೆಯರ ಉಳಿತಾಯ ಸಂಘಗಳು ಶುರುವಾದವು.

ನಡೆಯುವ ರೀತಿ ಸರಳ. ಸದಸ್ಯೆಯರು ತಿಂಗಳಿಗೆ ಇಂತಿಷ್ಟು ಎಂದು ಕಟ್ಟುತ್ತಾರೆ. ಆ ಹಣದಿಂದಲೇ ಬೇಕಾದವರಿಗೆ ಸಾಲ. ಬಡ್ಡಿ ಎಷ್ಟು, ಯಾರಿಗೆ ಮೊದಲು, ಕಂತು ತಪ್ಪಿದರೆ ಏನು ಎಂಬುದೆಲ್ಲ ಅವರದೇ ತೀರ್ಮಾನ. ಬಂದ ಬಡ್ಡಿ ಮತ್ತೆ ಸಂಘಕ್ಕೇ. ಹೊರಗಿನ ಬ್ಯಾಂಕಿನ ಅಥವಾ ಕಂಪನಿಯ ದುಡ್ಡು ನೆಚ್ಚಿಕೊಳ್ಳದೆ ತಮ್ಮ ಉಳಿತಾಯದಿಂದಲೇ ಸಾಲ ಕೊಡುವುದು ಇದರ ತಿರುಳು. ಇಂಥ ಸಂಘಗಳು ಸೇರಿ ಸಹಕಾರಿಗಳಾದವು, ಸಹಕಾರಿಗಳು ಸೇರಿ ಮಹಾಶಕ್ತಿ ಒಕ್ಕೂಟವಾಯಿತು. ಸದಸ್ಯೆಯರು ಈಗ ಇಪ್ಪತ್ತು ಸಾವಿರಕ್ಕೂ ಹೆಚ್ಚು.

ಇದಕ್ಕೆ ಕಾನೂನಿನ ಬೆನ್ನೆಲುಬು ಸಿಕ್ಕಿದ್ದು ಆಂಧ್ರದ 1995ರ ಪರಸ್ಪರ ಸಹಾಯ ಸಹಕಾರ ಸಂಘಗಳ ಕಾಯ್ದೆಯಿಂದ. ಸರ್ಕಾರದ ಪಾಲು ಬಂಡವಾಳವಿಲ್ಲದ, ಅಧಿಕಾರಿಗಳ ಹಿಡಿತ ಕಡಿಮೆಯಿರುವ ಸಹಕಾರಿಗಳಿಗೆ ಅದು ದಾರಿ ಮಾಡಿತು. ನಮ್ಮಲ್ಲಿ 1997ರ ಸೌಹಾರ್ದ ಸಹಕಾರಿ ಕಾಯ್ದೆ ಬಂದದ್ದೂ ಇದೇ ಆಶಯದಿಂದ. 2010ರಲ್ಲಿ ಆಂಧ್ರದಲ್ಲಿ ಮೈಕ್ರೊಫೈನಾನ್ಸ್ ವಸೂಲಿಯ ಕಿರುಕುಳ ಮಿತಿಮೀರಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಕರ್ನಾಟಕ 2025ರಲ್ಲಿ ಅದೇ ದಾರಿ ಹಿಡಿಯಿತು. ವಾರದ ಕಂತಿಗೆ ಹೆದರಿ ಊರು ಬಿಟ್ಟ ಕುಟುಂಬಗಳ ಸುದ್ದಿ ಓದಿದ ನಮಗೆ, ಸ್ವಂತ ಉಳಿತಾಯದ ಸಂಘ ಎಂಥ ಆಸರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಅಂಗವಿಕಲರ ಸಂಘಟನೆ, ಮಕ್ಕಳ ಶಾಲೆ, ಭೂಮಿಯಿಲ್ಲದವರ ಪಶುಪಾಲನೆಯ ನೆರವು ಹೀಗೆ ಸಂಸ್ಥೆಯ ಕೊಂಬೆಗಳು ಹಲವು. ಅವುಗಳಲ್ಲಿ ಹೊಲದ ಕೆಲಸವನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು.

ಶೇಂಗಾದಿಂದ ನವಣೆಗೆ

ಅನಂತಪುರ ಎಂದರೆ ಶೇಂಗಾ. ಲಕ್ಷಾಂತರ ಹೆಕ್ಟೇರಿನಲ್ಲಿ ಅದೊಂದೇ ಬೆಳೆ. ಮಳೆ ಸರಿಯಾಗಿ ಬಂದ ವರ್ಷ ಕೈತುಂಬ ಹಣ. ಹೂ ಬಿಟ್ಟು ಊಡು ಇಳಿಯುವ ಹೊತ್ತಿಗೆ ಮೂರು ವಾರ ಮಳೆ ಕೈಕೊಟ್ಟರೆ ಬೀಜಕ್ಕೆ ಹಾಕಿದ ಹಣವೂ ಹೋಯಿತು. ಶೇಂಗಾದ ಬಿತ್ತನೆ ಬೀಜಕ್ಕೆ ತಗಲುವ ಖರ್ಚು ಎಷ್ಟೆಂದು ಪಾವಗಡ, ಚಳ್ಳಕೆರೆಯ ರೈತರನ್ನು ಕೇಳಿದರೆ ಹೇಳುತ್ತಾರೆ. ಮೊದಲು ಈ ಸೀಮೆಯ ಹೊಲಗಳಲ್ಲಿ ನವಣೆ, ಸಾಮೆ, ಹಾರಕ, ಕೊರಲೆ, ಸಜ್ಜೆಗಳಿದ್ದವು. ಸಾಲಿನ ನಡುವೆ ತೊಗರಿ, ಅವರೆ, ಹುರುಳಿ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು.

ಕಿರುಧಾನ್ಯಕ್ಕೆ ಮರಳುವಂತೆ ರೈತರಿಗೆ ಉಪದೇಶ ಮಾಡುವುದು ಸುಲಭ. ಆದರೆ ಕೊಳ್ಳುವವರಾರು? ಸಾಮೆ, ಹಾರಕದ ಸಿಪ್ಪೆ ತೆಗೆಯುವುದೇ ದೊಡ್ಡ ರಗಳೆ. ಹಾರಕದ ಕಾಳಿಗೆ ಪದರಪದರವಾಗಿ ಸಿಪ್ಪೆ. ಹಿಂದೆ ಹೆಂಗಸರು ಒರಳಲ್ಲಿ ಕುಟ್ಟಿ ಸೋತರು, ಅಕ್ಕಿ ಅಗ್ಗವಾಗಿ ಬಂದ ಮೇಲೆ ಕುಟ್ಟುವುದನ್ನೇ ಬಿಟ್ಟರು. ಹೊಲದಿಂದ ಈ ಧಾನ್ಯಗಳು ಮರೆಯಾದದ್ದಕ್ಕೆ ಅಡುಗೆಮನೆಯ ಆ ದುಡಿಮೆಯೂ ಒಂದು ಕಾರಣ. ಹಾಗಾಗಿ ಬಿತ್ತನೆಯಷ್ಟೇ ಮುಖ್ಯವಾದದ್ದು ಸಿಪ್ಪೆ ತೆಗೆಯುವ ಯಂತ್ರ, ಗೋದಾಮು, ಮಾರುಕಟ್ಟೆ. ಈ ಕೆಲಸಕ್ಕೆಂದೇ 2008ರಲ್ಲಿ ರೈತರ ಒಡೆತನದ ಧರಣಿ ಸಹಕಾರಿ ನೋಂದಣಿಯಾಯಿತು. ಸಾವಯವ ಧಾನ್ಯ, ಬೇಳೆ, ಶೇಂಗಾ ಎಣ್ಣೆ ‘ಟಿಂಬಕ್ಟು ಆರ್ಗ್ಯಾನಿಕ್’ ಹೆಸರಿನಲ್ಲಿ ಬೆಂಗಳೂರಿನ ಅಂಗಡಿಗಳಿಗೂ ಬರುತ್ತದೆ.

ಸಾವಯವ ಎಂದು ಹೇಳಿದರೆ ನಂಬುವುದು ಹೇಗೆ? ಹೊರಗಿನ ಸಂಸ್ಥೆಯಿಂದ ಪ್ರಮಾಣಪತ್ರ ತರಿಸುವುದು ಎರಡು ಮೂರು ಎಕರೆ ರೈತನಿಗೆ ಎಟುಕದ ಖರ್ಚು. ಅದಕ್ಕೆ ಇಲ್ಲಿ ಬಳಸುವುದು ರೈತರೇ ಒಬ್ಬರ ಹೊಲವನ್ನೊಬ್ಬರು ನೋಡಿ ಖಾತರಿ ಕೊಡುವ ಪದ್ಧತಿ. ಅಕ್ಕಪಕ್ಕದ ರೈತರ ಗುಂಪು ಹಂಗಾಮಿನಲ್ಲಿ ಹೊಲಹೊಲಕ್ಕೆ ಹೋಗುತ್ತದೆ. ಬದುವಿನಲ್ಲಿ ಔಷಧದ ಖಾಲಿ ಡಬ್ಬಿ ಬಿದ್ದಿದೆಯೇ, ಬೆಳೆಯ ಬಣ್ಣ ಯೂರಿಯಾದ ಕಡುಹಸಿರೇ, ಪಕ್ಕದ ಹೊಲದಿಂದ ಸಿಂಪಡಣೆ ಹಾರಿ ಬರುತ್ತದೆಯೇ ಎಂದು ನೋಡುತ್ತದೆ. ರೈತನ ಕಣ್ಣಿಗೆ ರೈತ ಮಣ್ಣೆರಚಲಾರ. ಒಬ್ಬ ತಪ್ಪಿದರೆ ಗುಂಪಿನ ಹೆಸರೇ ಕೆಡುವುದರಿಂದ ಎಲ್ಲರೂ ಎಲ್ಲರ ಮೇಲೆ ಕಣ್ಣಿಡುತ್ತಾರೆ. ಗುಡ್ಡ ಕಾಯುವುದೂ ಹೊಲ ಕಾಯುವುದೂ ಇಲ್ಲಿ ಒಂದೇ ನಂಬಿಕೆಯ ಮೇಲೆ ನಿಂತಿವೆ.

ಗುಡ್ಡದ ನೆತ್ತಿಗೆ ಗಾಳಿಯಂತ್ರ

2010ರ ಸುಮಾರಿಗೆ ಕಲ್ಪವಲ್ಲಿಯ ನೆತ್ತಿಗಳಿಗೆ ಗಾಳಿಯಂತ್ರಗಳು ಬಂದವು. ದಾಖಲೆಯಲ್ಲಿ ಬಂಜರು ಎಂದಿದ್ದ ಜಾಗವಾದ್ದರಿಂದ ಅರಣ್ಯ ಅನುಮತಿಯ ಪ್ರಶ್ನೆಯೇ ಏಳಲಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಪವನ ವಿದ್ಯುತ್ ಯೋಜನೆಗಳಿಗೆ ವಿನಾಯಿತಿಯೂ ಇತ್ತು. ಇಪ್ಪತ್ತು ವರ್ಷ ಕಾದ ಊರವರನ್ನು ಕೇಳಬೇಕೆಂಬ ಕಟ್ಟುಪಾಡು ಯಾವ ಕಡತದಲ್ಲೂ ಇರಲಿಲ್ಲ.

ಗಾಳಿಯಿಂದ ವಿದ್ಯುತ್ ತೆಗೆಯುವುದು ಒಳ್ಳೆಯದೇ ಅಲ್ಲವೇ ಎಂದು ಓದುಗರು ಕೇಳಬಹುದು. ಒಳ್ಳೆಯದೇ. ತೊಂದರೆ ಇರುವುದು ಅದನ್ನು ಗುಡ್ಡಕ್ಕೇರಿಸುವ ರೀತಿಯಲ್ಲಿ. ಉದ್ದನೆಯ ರೆಕ್ಕೆ ಹೊತ್ತ ಲಾರಿ ಸಾಮಾನ್ಯ ರಸ್ತೆಯ ತಿರುವಿನಲ್ಲಿ ತಿರುಗದು. ಅದಕ್ಕಾಗಿ ಇಳಿಜಾರು ಸೀಳಿ ಅಗಲವಾದ ದಾರಿ ಮಾಡಬೇಕು. ಅಗೆದ ಮಣ್ಣು ಪಕ್ಕದ ಕಣಿವೆಗೆ ಜಾರುತ್ತದೆ, ಮಳೆಯಲ್ಲಿ ತೊರೆಗಳ ಬಾಯಿ ಕಟ್ಟುತ್ತದೆ, ಕೆರೆಗೆ ಹೂಳಾಗಿ ಇಳಿಯುತ್ತದೆ. ಎರಡು ದಶಕ ಕಂದಕ ತೋಡಿ ಹಿಡಿದಿಟ್ಟ ಮಣ್ಣು ಒಂದೆರಡು ಮಳೆಗಾಲದಲ್ಲಿ ಹೋಗುತ್ತದೆ. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೂ ಹೋಯಿತು. ಗಾಳಿಯಂತ್ರಗಳು ಮಾತ್ರ ಎದ್ದು ನಿಂತವು.

ನನಗೆ ಈ ಕಥೆಯಲ್ಲಿ ಅತ್ಯಂತ ನೋವಿನ ಸಂಗತಿ ಇದೇ. ಮೂರು ದಶಕ ಕಾದವರಿಗೆ ಆ ನೆಲದ ಮೇಲೆ ಕಾಗದದ ಹಕ್ಕು ಇಲ್ಲ. ಕಾವಲಿನಿಂದ ಹಕ್ಕು ಹುಟ್ಟುತ್ತದೆ ಎಂದು ನಮ್ಮ ಕಂದಾಯ ಕಾನೂನು ಇನ್ನೂ ಒಪ್ಪಿಲ್ಲ.

ಇನ್ನೊಂದು ಒತ್ತಡವೂ ಇದೆ. ಪೆನುಕೊಂಡದ ಪಕ್ಕದ ಎರ್ರಮಂಚಿಯಲ್ಲಿ 2019ರಿಂದ ಕಿಯಾ ಕಾರು ಕಾರ್ಖಾನೆ ನಡೆಯುತ್ತಿದೆ. ಹೆದ್ದಾರಿಯಂಚಿನ ಜಮೀನಿಗೆ ಬೆಲೆ ಬಂದಿದೆ. ಹುಡುಗರಿಗೆ ತಿಂಗಳ ಸಂಬಳ ಬೇಕು, ಅದು ತಪ್ಪಲ್ಲ. ಬೇಸಿಗೆಯ ಬೆಂಕಿ ಆರಿಸಲು ಮುಂದಿನ ತಲೆಮಾರಿನಲ್ಲಿ ಗುಡ್ಡ ಹತ್ತುವವರು ಯಾರು ಎಂಬ ಚಿಂತೆ ಹಿರಿಯರದು.

ಗಡಿಯ ಈಚೆಗೆ

ಪಾವಗಡ, ಮಡಕಶಿರಾ ಒಂದೇ ಸೀಮೆ. ನಡುವೆ ರಾಜ್ಯದ ಗೆರೆ ಇದ್ದರೂ ಮಡಕಶಿರಾದ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ. ಅದೇ ಕಲ್ಲುಗುಡ್ಡ, ಅದೇ ಶೇಂಗಾ, ಅದೇ ಬರ. ಪಾವಗಡದಲ್ಲಿ 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ಬಂದಿದೆ. ಅಲ್ಲಿ ರೈತರಿಗೆ ಎಕರೆಗೆ ವರ್ಷದ ಗುತ್ತಿಗೆ ಹಣ ಸಿಗುತ್ತದೆ. ಸ್ವಂತ ಭೂಮಿಯಿಲ್ಲದ ಕೂಲಿಯವರಿಗೂ ಕುರಿಯವರಿಗೂ ಆ ಲೆಕ್ಕದಲ್ಲಿ ಜಾಗವಿಲ್ಲ. ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆ ಹುಲ್ಲುಗಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋದಾಗ ಅಲ್ಲಿನ ಹಳ್ಳಿಗರೂ ಹಸಿರು ನ್ಯಾಯಮಂಡಳಿಗೆ ಹೋಗಿದ್ದರು.

ಟಿಂಬಕ್ಟುವಿನಂಥ ಸಂಸ್ಥೆ ಎಲ್ಲ ಊರಿಗೂ ಬರುವುದಿಲ್ಲ, ಬರಬೇಕೆಂದೂ ಇಲ್ಲ. ಗೋಮಾಳ ಮಾತ್ರ ಬಹುತೇಕ ಊರಿನಲ್ಲಿದೆ. ಕರ್ನಾಟಕದ ಭೂಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ ನೂರು ದನಕ್ಕೆ ಮೂವತ್ತು ಎಕರೆ ಲೆಕ್ಕದಲ್ಲಿ ಉಚಿತ ಮೇವಿಗೆ ಭೂಮಿ ಕಾದಿರಿಸಬೇಕು. ಅದಕ್ಕಿಂತ ಹೆಚ್ಚಿದ್ದರೆ ಉಳಿದದ್ದನ್ನು ಬೇರೆಯದಕ್ಕೆ ಕೊಡಬಹುದು ಎಂಬ ದಾರಿಯೂ ಅಲ್ಲೇ ತೆರೆದಿದೆ. ಟ್ರ್ಯಾಕ್ಟರ್ ಬಂದು ಊರಲ್ಲಿ ದನಗಳ ಸಂಖ್ಯೆ ಇಳಿದಂತೆಲ್ಲ ಗೋಮಾಳವೂ ಕಾಗದದಲ್ಲಿ ‘ಹೆಚ್ಚುವರಿ’ಯಾಗುತ್ತದೆ. ಗೋಮಾಳದಲ್ಲಿ ಉತ್ತು ಬದುಕುವ ಬಗರ್ ಹುಕುಂ ಬಡವರ ಹೊಟ್ಟೆಪಾಡು ಇನ್ನೊಂದು ಕಡೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ತಾಲ್ಲೂಕು ಕಚೇರಿಯಿಂದಾಗದ ಮಾತು. ಊರವರೇ ಕೂತು ಬಗೆಹರಿಸಬೇಕು.

ಹಾಗೆ ಕೂರುವ ಮೊದಲು ಎರಡು ಕಾಗದ ಕೈಯಲ್ಲಿರಲಿ: ಊರಿನ ಗೋಮಾಳದ ಸರ್ವೆ ನಂಬರಿನ ಪಹಣಿ, ಮತ್ತು ಗ್ರಾಮ ನಕ್ಷೆ. ಪಹಣಿ ನಾಡಕಚೇರಿಯಲ್ಲಿ ಸಿಗುತ್ತದೆ. ಅದರಲ್ಲಿ ಗೋಮಾಳ ಎಷ್ಟು ಎಕರೆ ಎಂದಿದೆ, ನಿಂತು ನೋಡಿದರೆ ಎಷ್ಟು ಉಳಿದಿದೆ, ಅಲ್ಲಿ ಬಿದ್ದ ಮಳೆನೀರು ಯಾವ ಕೆರೆಗೆ ಇಳಿಯುತ್ತದೆ ಎಂಬುದನ್ನು ಕುರಿ ಕಾಯುವವರನ್ನೂ ಕರೆದುಕೊಂಡು ಹೋಗಿ ಗುರುತು ಮಾಡಿಕೊಳ್ಳಬಹುದು. ಕಂದಕ ತೋಡಲು, ಕಲ್ಲುತಡೆ ಕಟ್ಟಲು ಉದ್ಯೋಗ ಖಾತ್ರಿಯಂಥ ಯೋಜನೆಗಳಲ್ಲಿ ಅವಕಾಶ ಇದ್ದೇ ಇದೆ. ಯಾವ ಗುಡ್ಡ ಎಂಬುದನ್ನು ಗ್ರಾಮಸಭೆ ಹೇಳಬೇಕು.